ಇಂಗ್ಲಿಷ್‌ನ ನಡಿಗೆಯ ಮಾತುಗಳು

ಕಾಲ್ನಡಿಗೆಯ ನಾನಾ ಬಗೆಗಳನ್ನು ಹೆಸರಿಸಲು ಇಂಗ್ಲಿಷ್ ಭಾಷೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕೂಡಿಹಾಕಿಕೊಂಡು ಬಂದ ಪದಸಮೂಹವೊಂದಿದೆ. ಅದರ ನಡುವೆ ‘ವಾಕ್’ ಇದೆ. ಮೆಲ್ಲಗೆ ಅಡ್ಡಾಡುವುದಕ್ಕೆ ಸ್ಟ್ರೋಲ್, ಸಾಂಟರ್, ಆಂಬಲ್, ದಾಪುಗಾಲಿಗೆ ಸ್ಟ್ರೈಡ್, ದಣಿದ ಕಾಲನ್ನು ಎಳೆದುಕೊಂಡು ಸಾಗುವುದಕ್ಕೆ ಟ್ರಡ್ಜ್, ಪ್ಲಾಡ್, ಕುಂಟುವುದಕ್ಕೆ ಲಿಂಪ್, ಹಾಬಲ್, ತೂರಾಡುವುದಕ್ಕೆ ಸ್ಟ್ಯಾಗರ್, ಲರ್ಚ್, ಕಳ್ಳಹೆಜ್ಜೆಗೆ ಸ್ನೀಕ್, ಸ್ಲಿಂಕ್, ಪ್ರೌಲ್, ಬೀಗುವ ನಡಿಗೆಗೆ ಸ್ಟ್ರಟ್, ಸ್ವ್ಯಾಗರ್. ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಭಾಷಾವಿಜ್ಞಾನಿ ಬೆತ್ ಲೆವಿನ್ 1993ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕ್ರಿಯಾಪದಗಳ ವರ್ಗೀಕರಣದಲ್ಲಿ ‘ರನ್’ ಎಂಬ ಒಂದೇ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಪದಗಳಿವೆ. ಈಜು, ಜಾರುವಿಕೆಗಳಂಥ ಕೆಲವನ್ನು ತೆಗೆದಿಟ್ಟರೆ ಉಳಿದ ಬಹುಪಾಲು ಕಾಲಿಗೆ ಸೇರಿದವು.

ಶಾಲೆಯ ಪುಸ್ತಕಗಳು ಈ ಪದಗಳನ್ನು ನಿಧಾನದಿಂದ ವೇಗದ ಕಡೆಗೆ ಸಾಲಾಗಿ ಜೋಡಿಸಿ ಕೊಡುತ್ತವೆ. ಕಲಿಯುವವರಿಗೆ ಅದು ಅನುಕೂಲ. ಪದಗಳ ಚರಿತ್ರೆಯನ್ನು ಕೆದಕಿದಾಗ ಮಾತ್ರ ವೇಗದ ಸಂಗತಿ ಹಿಂದಕ್ಕೆ ಸರಿಯುತ್ತದೆ. ನಡೆಯುತ್ತಿರುವವರು ಯಾರು, ಯಾಕೆ ನಡೆಯುತ್ತಿದ್ದಾರೆ, ದೂರ ನಿಂತು ಅವರನ್ನು ನೋಡಿ ಈ ಹೆಸರಿಟ್ಟವರು ಯಾರು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಕೂಲಿಕಾರ, ಅಲೆಮಾರಿ, ಸೈನಿಕ, ಯಾತ್ರಿಕ, ಬೀದಿಗಿಳಿದ ಹೆಂಗಸು, ಕಾಲು ಸೋತ ಮುದುಕ ಎಲ್ಲರೂ ಈ ಪದಗಳ ಹಿಂದೆ ಇದ್ದಾರೆ.

ನಡಿಗೆಯ ಎಲ್ಲೆ

ನಡಿಗೆಗೂ ಓಟಕ್ಕೂ ಇರುವ ಗೆರೆಯನ್ನು ವೇಗದಿಂದ ಗುರುತಿಸುವುದಿಲ್ಲ. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಹೆಜ್ಜೆ ಬದಲಾಗುವ ಕ್ಷಣದಲ್ಲಿ ಎರಡೂ ಪಾದಗಳು ನೆಲ ಮುಟ್ಟಿರುತ್ತವೆ. ಓಡುವಾಗ ಎರಡೂ ಪಾದ ನೆಲ ಬಿಟ್ಟ ಗಳಿಗೆ ಇರುತ್ತದೆ. ಊರಿದ ಕಾಲು ನೆಟ್ಟಗಿದ್ದು ದೇಹ ಅದರ ಮೇಲೆ ಕಮಾನಿನಂತೆ ದಾಟಿ ಮುಂದೆ ಬೀಳುವುದೇ ನಡಿಗೆ. ಹೀಗಾಗಿ ಅದರ ವೇಗದ ಮಿತಿಯನ್ನು ಕಾಲಿನ ಉದ್ದ ಮತ್ತು ಭೂಮಿಯ ಸೆಳೆತ ನಿರ್ಧರಿಸುತ್ತವೆ. ಗಂಟೆಗೆ ಸುಮಾರು 7 ಕಿ.ಮೀ. ವೇಗ ಮುಟ್ಟುತ್ತಿದ್ದಂತೆ ವಯಸ್ಕರ ಕಾಲು ತಾನಾಗಿಯೇ ಓಟಕ್ಕೆ ಹೊರಳುತ್ತದೆ. ಸೆಳೆತ ಆರನೆಯ ಒಂದು ಪಾಲಷ್ಟೇ ಇರುವ ಚಂದ್ರನಲ್ಲಿ ಈ ಮಿತಿ ಇನ್ನೂ ಕೆಳಗಿದೆ. ಅಪೊಲೊ ಯಾನಿಗಳಿಗೆ ಅಲ್ಲಿ ಭೂಮಿಯ ರೀತಿಯ ನಡಿಗೆ ಒಗ್ಗಲಿಲ್ಲ. ತೇಲುತ್ತಾ ಉದ್ದುದ್ದ ಹಾರುಹೆಜ್ಜೆ ಹಾಕುವುದೇ ಸಲೀಸಾಯಿತು. ಆ ಚಲನೆಗೆ ಇಂಗ್ಲಿಷಿನಲ್ಲಿ ಸಿಕ್ಕ ಪದ ‘ಲೋಪ್’. ಜಿಗಿತವನ್ನು ಹೇಳುತ್ತಿದ್ದ ಹಳೆಯ ನಾರ್ಸ್ ಮಾತಿನಿಂದ ಬಂದ, ತೋಳದ ಓಟಕ್ಕೆ ಬಳಸುತ್ತಿದ್ದ ಪದವದು.

ಬಗೆಯೂ ದಾರಿಯೂ

ಇಷ್ಟು ಪದಗಳು ಇಂಗ್ಲಿಷಿನಲ್ಲೇ ಯಾಕೆ ಹುಟ್ಟಿದವು? ಇದಕ್ಕೆ ಬಹುಮಟ್ಟಿಗೆ ಒಪ್ಪಿತವಾದ ಉತ್ತರ ಲೆನರ್ಡ್ ಟಾಲ್ಮಿ ಎಂಬ ಅಮೆರಿಕನ್ ಭಾಷಾವಿಜ್ಞಾನಿ 1970ರ ದಶಕದಿಂದ ಕಟ್ಟಿದ ವಾದದಲ್ಲಿದೆ. ಚಲನೆಯ ಮಾತಿನಲ್ಲಿ ಎರಡು ಅಂಶಗಳಿರುತ್ತವೆ: ಎತ್ತ ಹೋದರು ಎಂಬ ದಾರಿ, ಹೇಗೆ ಹೋದರು ಎಂಬ ಬಗೆ. ಇಂಗ್ಲಿಷ್, ಜರ್ಮನ್, ರಷ್ಯನ್‌ಗಳು ಬಗೆಯನ್ನು ಕ್ರಿಯಾಪದದೊಳಗೆ ತುಂಬಿ, ದಾರಿಯನ್ನು ಪಕ್ಕದ ಚಿಕ್ಕ ಪದಕ್ಕೋ ಉಪಸರ್ಗಕ್ಕೋ ವಹಿಸುತ್ತವೆ. ಸ್ಪ್ಯಾನಿಷ್, ಫ್ರೆಂಚ್, ಟರ್ಕಿಶ್ ದಾರಿಯನ್ನು ಕ್ರಿಯಾಪದದಲ್ಲಿಟ್ಟು ಬಗೆಯನ್ನು ಬೇಕಾದರೆ ಮಾತ್ರ ಸೇರಿಸುತ್ತವೆ. ಕನ್ನಡ ಈ ಎರಡನೆಯ ಸಾಲಿಗೆ ಹತ್ತಿರ. ‘ಕುಂಟುತ್ತಾ ಒಳಗೆ ಬಂದ’ ಎಂದು ನಾವು ಎರಡು ಕ್ರಿಯೆಗಳಲ್ಲಿ ಹೇಳುವುದನ್ನು ಇಂಗ್ಲಿಷ್ ‘ಲಿಂಪ್’ ಮತ್ತು ‘ಇನ್’ ಎಂಬಷ್ಟರಲ್ಲಿ ಮುಗಿಸುತ್ತದೆ. ಬಗೆ ಹೇಳಲು ಖಾಲಿ ಜಾಗವೊಂದು ಪ್ರತಿ ವಾಕ್ಯದಲ್ಲೂ ಕಾದಿರುವ ಭಾಷೆಯಲ್ಲಿ, ಆ ಜಾಗ ತುಂಬಲು ಹೊಸ ಪದಗಳು ಬರುತ್ತಲೇ ಇರುತ್ತವೆ.

ಮನೋಭಾಷಾವಿಜ್ಞಾನಿ ಡ್ಯಾನ್ ಸ್ಲೋಬಿನ್ ಇದನ್ನು ಕಥೆ ಹೇಳಿಸಿ ಪರೀಕ್ಷಿಸಿದರು. ಮರ್ಸರ್ ಮೇಯರ್ 1969ರಲ್ಲಿ ತಂದ, ಕಪ್ಪೆ ಕಳೆದುಕೊಂಡ ಹುಡುಗನ ಮಾತಿಲ್ಲದ ಚಿತ್ರಪುಸ್ತಕವನ್ನು ಬೇರೆ ಬೇರೆ ಭಾಷೆಗಳ ಮಕ್ಕಳ ಮುಂದೆಯೂ ದೊಡ್ಡವರ ಮುಂದೆಯೂ ಇಟ್ಟಾಗ, ಇಂಗ್ಲಿಷಿನವರು ನಡೆ-ಓಟದ ಬಗೆಗಳನ್ನು ಧಾರಾಳವಾಗಿ ಹೆಸರಿಸಿದರು. ಸ್ಪ್ಯಾನಿಷಿನವರು ಆ ಶ್ರಮವನ್ನು ಸ್ಥಳ ಮತ್ತು ಸನ್ನಿವೇಶದ ವಿವರಣೆಗೆ ಹಾಕಿದರು. ಕಾದಂಬರಿಗಳು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಹೋಗುವಾಗ ಬಗೆಯ ವಿವರ ಎಷ್ಟೋ ಕಡೆ ಸೋರಿಹೋಗುವುದನ್ನೂ ಸ್ಲೋಬಿನ್ ತೋರಿಸಿದ್ದಾರೆ.

ಹಾಗೆಂದು ಕನ್ನಡದಲ್ಲಿ ನಡಿಗೆಯ ಬಣ್ಣಗಳು ಕಡಿಮೆ ಎಂದು ತಿಳಿಯಬೇಕಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ಹೆಚ್ಚಾಗಿ ಅನುಕರಣಾವ್ಯಯಗಳು: ಬಿರಬಿರನೆ, ಸರಸರನೆ, ದಡದಡನೆ. ಜೊತೆಗೆ ಕುಂಟು, ತೆವಳು, ಎಡವು, ತೂರಾಡು, ಕುಪ್ಪಳಿಸು, ನುಸುಳು, ಸುಳಿದಾಡು, ಅಡ್ಡಾಡು, ಅಂಡಲೆ ಎಂಬ ಅಚ್ಚ ಕ್ರಿಯಾಪದಗಳೂ, ದಾಪುಗಾಲು, ಅಂಬೆಗಾಲು, ತುದಿಗಾಲುಗಳೂ ಇವೆ. ಅನುವಾದ ಮಾಡುವ ಕನ್ನಡಿಗರಿಗೆ ನನ್ನ ಸಲಹೆ ಇಷ್ಟು: ಇಂಗ್ಲಿಷಿನ ಒಂದೊಂದು ಪದಕ್ಕೆ ಒಂದೊಂದು ಪದ ಹುಡುಕುವ ಹಟ ಬೇಡ. ಬಿರಬಿರನೆ ಹೋದ ಎಂಬಲ್ಲಿ ಕಿವಿಗೆ ಬೀಳುವ ಅವಸರವನ್ನು ಇಂಗ್ಲಿಷಿನ ಯಾವ ಒಂಟಿ ಕ್ರಿಯಾಪದವೂ ಕೊಡಲಾರದು.

ಇಂಗ್ಲಿಷಿಗೂ ನಾದದ ಸಹಾಯ ಬೇಕೇ ಬೇಕು. ಅಲ್ಲಿ ಅದು ಪದದ ಆರಂಭದಲ್ಲಿ ಅಡಗಿದೆ. ಟ್ರೆಡ್, ಟ್ರ್ಯಾಂಪ್, ಟ್ರ್ಯಾಂಪಲ್, ಟ್ರಡ್ಜ್, ಟ್ರೇಪ್ಸ್‌ಗಳಲ್ಲಿ ಭಾರವಾದ ಪಾದ ಕೇಳಿಸುತ್ತದೆ. ಸ್ಲಿಂಕ್, ಸ್ಲೌಚ್, ಸ್ಲಿದರ್‌ಗಳಲ್ಲಿ ಜಾರುವ, ಬಾಗುವ ಮೈ. ಸ್ಕ್ಯಾಂಪರ್, ಸ್ಕರಿ, ಸ್ಕಟಲ್‌ಗಳಲ್ಲಿ ಸಣ್ಣ ಪ್ರಾಣಿಯ ಗಡಿಬಿಡಿ. ಇವುಗಳಲ್ಲಿ ಹಲವುಗಳ ಮೂಲ ಬೇರೆ ಬೇರೆ. ಸದ್ದಿನ ಹೋಲಿಕೆಯೇ ಅವನ್ನು ಒಂದೆಡೆ ಸೇರಿಸಿದೆ. ಇಂಥ ಧ್ವನಿಗುಂಪುಗಳನ್ನು ಗುರುತಿಸಿ 1930ರಲ್ಲಿ ಹೆಸರಿಟ್ಟವರು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಪದದ ಕೊನೆಯಲ್ಲೂ ಒಂದು ಹಳೆಯ ಉಪಾಯ ಕೆಲಸ ಮಾಡುತ್ತದೆ. ಮತ್ತೆ ಮತ್ತೆ ಆಗುವ ಸಣ್ಣ ಚಲನೆಗೆ ಲಕಾರದ ಪ್ರತ್ಯಯ ಹಚ್ಚಿದರೆ, ನೀರಲ್ಲಿ ಕಾಲಿಟ್ಟು ಸಾಗುವ ‘ವೇಡ್’ನಿಂದ ಬಾತುಕೋಳಿಯ ‘ವಾಡಲ್’ ಬರುತ್ತದೆ, ತಳ್ಳುವ ‘ಷವ್’ನ ಬಳಗದಿಂದ ಕಾಲೆಳೆಯುವ ‘ಷಫಲ್’ ಬರುತ್ತದೆ. ತಪ್ಪುಹೆಜ್ಜೆಯಿಡುವ ಮಗುವಿನ ‘ಟಾಡಲ್’ ಎಲ್ಲಿಂದ ಬಂತೋ ತಿಳಿಯದು, ಆದರೂ ಅದೇ ಅಚ್ಚಿನಲ್ಲಿದೆ.

‘ವಾಕ್’ ಪದದ ಪಯಣ

ಈ ಸಮೂಹದ ತಾಯಿಯಂತಿರುವ ‘ವಾಕ್’ ಹುಟ್ಟಿದಾಗ ನಡಿಗೆಯ ಪದವೇ ಆಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಉರುಳು, ಹೊರಳಾಡು, ಅಲೆಯಂತೆ ಏಳುಬೀಳು ಎಂಬ ಅರ್ಥಗಳಿದ್ದವು. ಕಾಲಲ್ಲಿ ಹೋಗುವುದಕ್ಕೆ ಆಗ ಬಳಕೆಯಲ್ಲಿದ್ದದ್ದು ‘ಗೋ’ದ ಪೂರ್ವರೂಪ. ಸವಾರಿ ಮಾಡಿ ಹೋಗುವುದಕ್ಕೆ ಎದುರಾಗಿ, ನಡೆದು ಹೋಗುವುದನ್ನು ‘ಗೋ’ ಎನ್ನುವ ರೂಢಿ ಶತಮಾನಗಳ ಕಾಲ ಉಳಿದಿತ್ತು. ಹದಿಮೂರನೆಯ ಶತಮಾನದ ಸುಮಾರಿಗೆ ‘ವಾಕ್’ ಅತ್ತಿತ್ತ ಓಡಾಡುವುದಕ್ಕೂ ಅಲ್ಲಿಂದ ಕಾಲ್ನಡಿಗೆಗೂ ಹೊರಳಿತು. ‘ಗೋ’ ಬರಿಯ ಹೋಗುವಿಕೆಯಾಗಿ ತೆಳುವಾಯಿತು. ಅದರ ಭೂತಕಾಲ ‘ವೆಂಟ್’ ಕೂಡ ಸ್ವಂತದ್ದಲ್ಲ, ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದಿಂದ ಬಂದದ್ದು.

‘ವಾಕ್’ನ ಹಳೆಯ ಅರ್ಥ ಒಂದು ಕಸುಬಿನಲ್ಲಿ ಉಳಿದುಕೊಂಡಿತು. ನೇಯ್ದು ಇಳಿಸಿದ ಉಣ್ಣೆಯ ಬಟ್ಟೆ ಸಡಿಲವಾಗಿ, ಜಿಡ್ಡಾಗಿ ಇರುತ್ತದೆ. ಅದನ್ನು ಹಳಸಿದ ಮೂತ್ರವೋ ಜೇಡಿಯೋ ಬೆರೆತ ನೀರಿನ ತೊಟ್ಟಿಗೆ ಹಾಕಿ ಕಾಲಿನಿಂದ ತುಳಿದರೆ ಜಿಡ್ಡು ಬಿಟ್ಟು ಎಳೆಗಳು ಒತ್ತಾಗಿ ಕೂಡಿಕೊಳ್ಳುತ್ತವೆ. ಈ ತುಳಿತಕ್ಕೆ ‘ವಾಕ್’ ಎನ್ನುತ್ತಿದ್ದರು. ಜರ್ಮನ್‌ನಲ್ಲಿ ಇಂದಿಗೂ ಇದರ ಸೋದರ ಪದಕ್ಕೆ ಅದೇ ಅರ್ಥ. ಬಟ್ಟೆ ತುಳಿಯುವವರೇ ‘ವಾಕರ್’. ನೀರಿನಿಂದ ತಿರುಗುವ ಗಿರಣಿಗಳು ಮಧ್ಯಯುಗದಲ್ಲಿ ಈ ಕೆಲಸ ಕಿತ್ತುಕೊಂಡ ಮೇಲೂ ಮನೆತನದ ಹೆಸರು ಹೋಗಲಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್ ಎಂಬ ಮೂರೂ ಒಂದೇ ಕಸುಬಿನ ಹೆಸರುಗಳು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ಹೆಂಗಸರು ಇಪ್ಪತ್ತನೆಯ ಶತಮಾನದವರೆಗೂ ಮೇಜಿನ ಸುತ್ತ ಕೂತು ಒದ್ದೆ ಟ್ವೀಡ್ ಬಟ್ಟೆಯನ್ನು ಲಯಬದ್ಧವಾಗಿ ಬಡಿಯುತ್ತಾ ಹಾಡುತ್ತಿದ್ದ ಗೇಲಿಕ್ ಹಾಡುಗಳಿಗೆ ಇಂಗ್ಲಿಷಿನಲ್ಲಿ ‘ವಾಕಿಂಗ್ ಹಾಡು’ ಎಂದೇ ಹೆಸರು. ಕಾಗುಣಿತ ಕೊಂಚ ಬೇರೆ, ಬೇರು ಅದೇ.

ತುಳಿತದ ಇನ್ನೊಂದು ಪದ ‘ಟ್ರೆಡ್’. ಅದೇ ಬಳಗದ ‘ಟ್ರೇಡ್’ ಕಾಲ್ದಾರಿ, ಸಾಗಿದ ಜಾಡು ಎಂಬ ಅರ್ಥದಲ್ಲಿ ಉತ್ತರ ಜರ್ಮನಿಯ ಮಾತಿನಿಂದ ಬಂತು. ಮುಂದೆ ಬದುಕಿನ ಜಾಡು, ಕಸುಬು, ಕೊನೆಗೆ ವ್ಯಾಪಾರ ಎಂದಾಯಿತು. ‘ವೇಡ್’ ಮೊದಲು ಬರಿಯ ಮುಂದೆ ಸಾಗುವುದಾಗಿತ್ತು, ಲ್ಯಾಟಿನ್‌ನಿಂದ ಬಂದ ‘ಇನ್ವೇಡ್’ಗೆ ದೂರದ ನೆಂಟ. ಹಳೆಯ ಪಯಣದ ಪದ ‘ಫೇರ್’ ಈಗ ಬಸ್ಸಿನ ಟಿಕೆಟ್ ದರವಾಗಿ ನಮ್ಮೂರಿಗೂ ಬಂದಿದೆ. ನಡಿಗೆಯ ಭಂಗಿಯನ್ನು ಹೇಳುವ ‘ಗೇಟ್’ ವೈಕಿಂಗರ ಭಾಷೆಯಲ್ಲಿ ಬೀದಿಯಾಗಿತ್ತು. ಅವರು ಆಳಿದ ಯಾರ್ಕ್ ನಗರದ ಸ್ಟೋನ್‌ಗೇಟ್, ಕಾಪರ್‌ಗೇಟ್‌ಗಳಲ್ಲಿ ಬಾಗಿಲು ಹುಡುಕಬಾರದು, ಅವು ಬೀದಿಗಳು. ಅದೇ ನಗರದ ‘ಷ್ಯಾಂಬಲ್ಸ್’ ಕಟುಕರ ಬೀದಿ. ಮಾಂಸ ಇಟ್ಟು ಮಾರುವ ಮರದ ಮಣೆಗೆ ಆ ಹೆಸರು. ಮಣೆಯ ಸೊಟ್ಟಗಾಲುಗಳನ್ನು ನೋಡಿ, ಕಾಲು ಎತ್ತೆತ್ತಲೋ ಹಾಕಿ ನಡೆಯುವವನ ನಡಿಗೆಗೆ ‘ಷ್ಯಾಂಬಲ್’ ಎಂದರು.

ರೋಮ್, ಫ್ರಾನ್ಸ್, ಕುದುರೆ

1066ರ ನಾರ್ಮನ್ ಆಕ್ರಮಣದ ನಂತರ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಹರಿದುಬಂದವು. ‘ಪೇಸ್’ ಎಂಬುದು ರೋಮನ್ನರ ಅಳತೆ. ಒಂದೇ ಪಾದ ಎರಡು ಸಲ ನೆಲ ಮುಟ್ಟುವ ನಡುವಿನ ಜೋಡಿಹೆಜ್ಜೆ ಅವರಿಗೆ ಒಂದು ‘ಪೇಸ್’. ಅಂಥ ಸಾವಿರ ಸೇರಿದರೆ ಮೈಲಿ, ಅಂದರೆ ಸುಮಾರು 1480 ಮೀಟರ್. ಇಂಗ್ಲೆಂಡ್ 1593ರಲ್ಲಿ ಕಾಯಿದೆ ಮಾಡಿ ಮೈಲಿಯನ್ನು 5280 ಅಡಿಗೆ ನಿಲ್ಲಿಸಿತು. ನಮ್ಮ ಹಿರಿಯರ ಮೈಲಿಗಲ್ಲಿನ ಹಿಂದೆ ರೋಮನ್ ಸೈನಿಕನ ಕಾಲು ಇದೆ.

ಲ್ಯಾಟಿನ್‌ನ ‘ನಡೆ’ ಧಾತುವಿನಿಂದ ಬಂದ ‘ಆಂಬಲ್’ ಇಂಗ್ಲಿಷಿಗೆ ಬಂದಾಗ ಕುದುರೆಯ ಪದವಾಗಿತ್ತು. ಒಂದು ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ಸಾಗುವ, ಸವಾರನಿಗೆ ಕುಲುಕಾಟವಿಲ್ಲದ ನಡೆಯದು. ಅಲ್ಲಿಂದ ಮನುಷ್ಯನ ಆರಾಮದ ನಡಿಗೆಗೆ ಇಳಿಯಿತು. ಅದೇ ಧಾತುವಿನಿಂದ ಮಗುವಿನ ತಳ್ಳುಗಾಡಿ ‘ಪ್ರ್ಯಾಮ್’, ನಮ್ಮ ‘ಆಂಬುಲೆನ್ಸ್’ ಎರಡೂ ಬಂದಿವೆ. ಫ್ರೆಂಚ್ ಸೇನೆಯ ಜೊತೆ ಸಾಗುವ ಆಸ್ಪತ್ರೆಯನ್ನು ‘ನಡೆಯುವ ಆಸ್ಪತ್ರೆ’ ಎನ್ನುತ್ತಿದ್ದರು. ‘ಟ್ರಾಟ್’ ಕೂಡ ಕುದುರೆಯಿಂದಲೇ ಮನುಷ್ಯರಿಗೆ ಬಂದದ್ದು. ‘ಕ್ಯಾಂಟರ್’ ಹುಟ್ಟಿದ್ದು 1170ರಲ್ಲಿ ಕ್ಯಾಂಟರ್‌ಬರಿ ಊರಿನಲ್ಲಿ ಕೊಲೆಯಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಸಮಾಧಿಗೆ ಹೊರಟ ಯಾತ್ರಿಕರಿಂದ. ಅವರ ಕುದುರೆಗಳ ಹದವಾದ ಓಟ ‘ಕ್ಯಾಂಟರ್‌ಬರಿ ಓಟ’ ಎನಿಸಿ, ಊರಿನ ಹೆಸರು ಮೊಟಕಾಗಿ ಕ್ರಿಯಾಪದವಾಯಿತು.

ಸಿರಿವಂತರು ತಮ್ಮನ್ನು ತೋರಿಸಿಕೊಳ್ಳಲು ನಡೆಯುವ ‘ಪ್ರಾಮನಾಡ್’ಗೆ ಫ್ರೆಂಚ್ ಮೂಲದ ಹಿಂದೆ ಲ್ಯಾಟಿನ್‌ನಲ್ಲಿ ದನಗಳನ್ನು ಗದರಿ ಅಟ್ಟುವ ಅರ್ಥವಿದೆ. ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ ಅಡ್ಡಾಡುವ ಹಾಸುಗಲ್ಲಿನ ದಾರಿ ‘ಪ್ರಾಮ್’ ಆಯಿತು. 1895ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಹೆನ್ರಿ ವುಡ್ ನಿರ್ದೇಶನದಲ್ಲಿ ಶುರುವಾದ, ನಿಂತು ಓಡಾಡುತ್ತಾ ಕಡಿಮೆ ದರದಲ್ಲಿ ಸಂಗೀತ ಕೇಳಬಹುದಾದ ಕಛೇರಿಗಳಿಗೂ ಅದೇ ಹೆಸರು ನಿಂತಿತು.

‘ಪೆಡೆಸ್ಟ್ರಿಯನ್’ ಪದದಲ್ಲಿ ತಾತ್ಸಾರ ಮೊದಲಿನಿಂದ ಇದೆ. ರೋಮನ್ನರಿಗೆ ಕುದುರೆ ಏರಿದವನು ಮೇಲು, ಕಾಲಾಳು ಕೆಳಗಿನವನು. ಕಾವ್ಯದ ಎತ್ತರವಿಲ್ಲದ ಗದ್ಯವನ್ನೂ ‘ಕಾಲ್ನಡಿಗೆಯ ಮಾತು’ ಎಂದು ಕರೆಯುತ್ತಿದ್ದರು. ಇಂಗ್ಲಿಷಿನಲ್ಲೂ ಈ ವಿಶೇಷಣ ‘ನೀರಸ’ ಎಂಬ ಅರ್ಥದಲ್ಲಿ ಇನ್ನೂ ಬಳಕೆಯಲ್ಲಿದೆ. ನಡೆಯುವವರ ಬಗ್ಗೆ ನಗರಗಳ ಧೋರಣೆ ಆ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ನೋಡುವ ಕಣ್ಣು

ಸ್ಟ್ರಟ್, ಸ್ವ್ಯಾಗರ್, ಮಿನ್ಸ್, ಸ್ಲೌಚ್, ಸ್ಕಲ್ಕ್ ಎಂಬ ಪದಗಳನ್ನು ಯಾರೂ ಗಂಭೀರವಾಗಿ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ. ಅವು ಬೇರೆಯವರ ನಡಿಗೆಯ ಮೇಲೆ ಕೊಟ್ಟ ತೀರ್ಪು. ‘ಸ್ವ್ಯಾಗರ್’ನ ಅತಿ ಹಳೆಯ ದಾಖಲೆಗಳಲ್ಲೊಂದು ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿದೆ. ಅಲ್ಲಿ ಅದು ಕಾಡಿನಲ್ಲಿ ನಾಟಕದ ತಾಲೀಮು ಮಾಡುವ ನೇಕಾರ, ಬಡಗಿಗಳನ್ನು ಕಂಡು ಪಕ್ ಎಂಬ ಯಕ್ಷ ಆಡುವ ಮಾತು. ಹೆಂಗಸರ ಮೇಲೆ ಈ ಕಣ್ಣು ಇನ್ನೂ ಕಠಿಣ. ಸಣ್ಣಗೆ ಹೆಚ್ಚುವುದು ಎಂಬ ಅರ್ಥದ ‘ಮಿನ್ಸ್’ 1611ರ ಇಂಗ್ಲಿಷ್ ಬೈಬಲಿನಲ್ಲಿ ಯೆಶಾಯನ ಮೂರನೆಯ ಅಧ್ಯಾಯದ ಬೈಗುಳದೊಳಗೆ, ಗೆಜ್ಜೆ ಕಟ್ಟಿ ಪುಟ್ಟ ಹೆಜ್ಜೆ ಇಡುವ ಸ್ತ್ರೀಯರಿಗಾಗಿ ಬಂದಿದೆ. ಬೀದಿಯಲ್ಲಿ ನಡೆಯುವವಳು ಎಂಬಷ್ಟೇ ಅರ್ಥ ಕೊಡಬೇಕಾದ ‘ಸ್ಟ್ರೀಟ್‌ವಾಕರ್’ ಹದಿನಾರನೆಯ ಶತಮಾನದ ಕೊನೆಯಿಂದಲೇ ವೇಶ್ಯೆ ಎಂಬ ಅರ್ಥದಲ್ಲಿ ನಿಂತಿದೆ. ಲೈಂಗಿಕ ರೋಗ ತಡೆಯಲೆಂದು ಬ್ರಿಟನ್ನಿನಲ್ಲಿ ಬಂದ 1864ರ ಸಾಂಕ್ರಾಮಿಕ ರೋಗಗಳ ಕಾಯಿದೆಯಂತೂ ಈ ಸಂಶಯಕ್ಕೆ ಪೊಲೀಸ್ ಬಲ ಕೊಟ್ಟಿತು. ಸೇನಾ ನೆಲೆಗಳಿದ್ದ ಊರುಗಳಲ್ಲಿ ಸಂಶಯ ಬಂದ ಹೆಂಗಸನ್ನು ಹಿಡಿದು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬಹುದಾಗಿತ್ತು. ಜೋಸೆಫೀನ್ ಬಟ್ಲರ್ ಮುಂದಾಳುತನದ ದೀರ್ಘ ಹೋರಾಟದ ನಂತರ 1886ರಲ್ಲಿ ಅದು ರದ್ದಾಯಿತು. ಒಂಟಿಯಾಗಿ ಅಡ್ಡಾಡುವ ಗಂಡಸಿಗೆ ಇಂಗ್ಲಿಷ್ ಭಾಷೆ ಫ್ರೆಂಚಿನಿಂದ ‘ಫ್ಲಾನರ್’ ಎಂಬ ಗೌರವದ ಪದ ತಂದುಕೊಟ್ಟಿತು, ಕವಿ ಬೋದಿಲೇರ್ ಅದಕ್ಕೆ ಸಾಹಿತ್ಯದ ಮೆರುಗು ಕೊಟ್ಟ. ಹೆಂಗಸಿಗೆ ಅಂಥ ಪದ ಸಿಗಲು ಬಹಳ ಕಾಲ ಕಾಯಬೇಕಾಯಿತು.

ಬಡವರ ನಡಿಗೆಯೂ ಕಾನೂನಿನ ಕಣ್ಣಿಗೆ ಬಿದ್ದಿತು. ಇಂದು ಹಿತವಾಗಿ ಕೇಳಿಸುವ ‘ಸ್ಟ್ರೋಲ್’ 1600ರ ಆಸುಪಾಸಿನಲ್ಲಿ ಯುರೋಪಿನ ಮುಖ್ಯಭೂಮಿಯಿಂದ, ಬಹುಶಃ ಜರ್ಮನ್ ಆಡುಮಾತಿನಿಂದ ಬಂದಾಗ ಪೋಲಿ ಅಲೆತವನ್ನು ಹೇಳುವ ಪದವಾಗಿತ್ತು. ಊರೂರು ಅಲೆಯುವ ನಾಟಕದವರನ್ನು ‘ಸ್ಟ್ರೋಲಿಂಗ್’ ಕಲಾವಿದರು ಎನ್ನುತ್ತಿದ್ದರು. ಶ್ರೀಮಂತರ ಆಶ್ರಯವಿಲ್ಲದ ನಟರನ್ನು 1572ರ ಕಾಯಿದೆ ಅಲೆಮಾರಿ ಅಪರಾಧಿಗಳ ಪಟ್ಟಿಗೆ ಸೇರಿಸಿತ್ತು. ನೆಪೋಲಿಯನ್ ಯುದ್ಧಗಳು ಮುಗಿದು ಕೆಲಸವಿಲ್ಲದ ಸೈನಿಕರು ರಸ್ತೆಗಿಳಿದ ಕಾಲದಲ್ಲಿ, 1824ರಲ್ಲಿ, ಇನ್ನೊಂದು ಅಲೆಮಾರಿ ಕಾಯಿದೆ ಬಂತು. ‘ಟ್ರ್ಯಾಂಪ್’ ಎಂದರೆ ಕಾಲು ಬಡಿದು ನಡೆಯುವುದು. ಅದು ನಡೆಯುವವನಿಗೇ ಅಂಟಿಕೊಂಡು ಬೀದಿಪಾಲಾದವನ ಹೆಸರಾಯಿತು. ಚಾಪ್ಲಿನ್‌ನ ಪಾತ್ರದಿಂದ ಆ ಪದಕ್ಕೆ ಲೋಕದ ಪ್ರೀತಿ ಸಿಕ್ಕಿತು, ನಿಜವಾದ ಟ್ರ್ಯಾಂಪ್‌ಗಳಿಗೆ ಸಿಗಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಲಿಗೆ ಸೇರಿದ್ದು ‘ಜೇವಾಕರ್’. ‘ಜೇ’ ಎಂದರೆ ಅಮೆರಿಕದ ಆಡುಮಾತಿನಲ್ಲಿ ಪಟ್ಟಣದ ರೀತಿ ತಿಳಿಯದ ಹಳ್ಳಿಗಮಾರ. ಅಲ್ಲಿಯವರೆಗೆ ರಸ್ತೆ ನಡೆಯುವವರದು, ಆಡುವ ಮಕ್ಕಳದು, ಗಾಡಿಯವರದು, ಎಲ್ಲರದು. ಕಾರುಗಳು ಜನರನ್ನು ಕೊಲ್ಲತೊಡಗಿದಾಗ ಸಿಟ್ಟು ಚಾಲಕರ ಮೇಲೆ ತಿರುಗಿತ್ತು. 1910 ಮತ್ತು 1920ರ ದಶಕಗಳಲ್ಲಿ ಮೋಟಾರು ಹಿತಾಸಕ್ತಿಗಳು ಈ ಬೈಗುಳವನ್ನು ಪ್ರಚಾರಕ್ಕೆ ತಂದು, ತಪ್ಪು ರಸ್ತೆ ದಾಟಿದವನದೇ ಎಂಬ ಭಾವನೆ ಬೆಳೆಸಿದವು. ಇತಿಹಾಸಕಾರ ಪೀಟರ್ ನಾರ್ಟನ್ 2008ರ ತಮ್ಮ ಪುಸ್ತಕದಲ್ಲಿ ಈ ಬದಲಾವಣೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಗೇಲಿಯ ಮಾತೊಂದು ದಂಡ ಹಾಕುವ ಅಪರಾಧದ ಹೆಸರಾದದ್ದು ಹೀಗೆ.

ವೈದ್ಯರ ಕೋಣೆಯಲ್ಲಿ ಇದೇ ಪದಗಳ ಮುಳ್ಳು ಉದುರುತ್ತದೆ. ಜೇಮ್ಸ್ ಪಾರ್ಕಿನ್‌ಸನ್ 1817ರ ತನ್ನ ಪ್ರಬಂಧದಲ್ಲಿ, ಮುಂದಕ್ಕೆ ಬಾಗಿದ ರೋಗಿ ತಡೆಯಲಾಗದೆ ನಡಿಗೆಯಿಂದ ಓಟಕ್ಕೆ ಜಾರುವುದನ್ನು ಬಣ್ಣಿಸಿದ. ಆ ಕಾಯಿಲೆಯ ಕಾಲೆಳೆತಕ್ಕೆ ಈಗ ‘ಷಫ್ಲಿಂಗ್ ಗೇಟ್’ ಎನ್ನುತ್ತಾರೆ, ಸೊಂಟದ ಸ್ನಾಯು ಸೋತವರ ಓಲಾಟಕ್ಕೆ ‘ವಾಡ್ಲಿಂಗ್ ಗೇಟ್’. ಬಾತುಕೋಳಿಯ ಪದ ಇಲ್ಲಿ ಯಾರನ್ನೂ ಹೀಯಾಳಿಸುವುದಿಲ್ಲ. ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ವೈದ್ಯರಿಗೆ ಸುಳಿವು ಕೊಡುತ್ತದೆ.

‘ರ‍್ಯಾಂಬಲ್’ ಮತ್ತು ಹಕ್ಕಿನ ಹೋರಾಟ

‘ಸಾಂಟರ್’ ಎಲ್ಲಿಂದ ಬಂತು ಎಂಬುದು ಇತ್ಯರ್ಥವಾಗಿಲ್ಲ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ, 1862ರಲ್ಲಿ ತನ್ನ ಮರಣದ ಮರುತಿಂಗಳು ಪ್ರಕಟವಾದ ‘ವಾಕಿಂಗ್’ ಪ್ರಬಂಧದಲ್ಲಿ, ಪುಣ್ಯಭೂಮಿಗೆ ಹೊರಟಿದ್ದೇವೆಂದು ಭಿಕ್ಷೆ ಬೇಡುತ್ತಿದ್ದವರ ಫ್ರೆಂಚ್ ಮಾತಿನಿಂದ ಇದು ಬಂತೆಂದು ವಿವರಿಸಿದ. ನಿರುಕ್ತಕಾರರು ಒಪ್ಪುವುದಿಲ್ಲ. ಪದ ತಪ್ಪಾದರೂ ಅಡ್ಡಾಟಕ್ಕೆ ಯಾತ್ರೆಯ ಘನತೆ ಬಂದದ್ದು ನಿಜ.

‘ರ‍್ಯಾಂಬಲ್’ ಪದಕ್ಕೆ ಬಂದ ಘನತೆ ಜೈಲಿನ ದಾರಿಯಾಗಿ ಬಂದದ್ದು. ಬಹುಶಃ ಬೆದೆಗೆ ಬಂದ ಪ್ರಾಣಿಯ ಅಲೆತವನ್ನು ಹೇಳುತ್ತಿದ್ದ ಡಚ್ ಮಾತಿನಿಂದ ಬಂದ ಈ ಪದ, ಗುರಿಯಿಲ್ಲದ ಸುತ್ತಾಟಕ್ಕೂ ಹಿಡಿತವಿಲ್ಲದ ಮಾತಿಗೂ ಸಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರ್, ಷೆಫೀಲ್ಡ್‌ಗಳ ಗಿರಣಿ ಕಾರ್ಮಿಕರಿಗೆ ಭಾನುವಾರದ ಬಯಲ ನಡಿಗೆಯೇ ಹೊಗೆಯಿಂದ ಬಿಡುಗಡೆ. ಆದರೆ ಆ ಎರಡು ನಗರಗಳ ನಡುವಿನ ಎತ್ತರದ ಬಯಲುಗಳು ಬಹುಪಾಲು ಹಕ್ಕಿಬೇಟೆಗೆಂದು ಜಹಗೀರುದಾರರು ಬೇಲಿ ಹಾಕಿದ ಜಾಗ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ಕಾರ್ಮಿಕ ಯುವಕನ ಮುಂದಾಳುತನದಲ್ಲಿ ನೂರಾರು ಜನ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಅತಿಕ್ರಮಿಸಿ ಹತ್ತಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲಾಯಿತು. ಶಿಕ್ಷೆಯ ಕಠಿಣತೆ ಕಂಡು, ಅತಿಕ್ರಮಣವನ್ನು ಒಪ್ಪದಿದ್ದವರೂ ಅನುಕಂಪ ತೋರಿದರು. 1935ರಲ್ಲಿ ರ‍್ಯಾಂಬ್ಲರ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು, 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು, 1951ರಲ್ಲಿ ಅದೇ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಈಡೇಲ್ ಹಳ್ಳಿಯಿಂದ ಸ್ಕಾಟ್ಲೆಂಡಿನ ಗಡಿಯವರೆಗೆ ಸುಮಾರು 430 ಕಿ.ಮೀ. ಸಾಗುವ ಪೆನೈನ್ ವೇ ಎಂಬ ಕಾಲ್ದಾರಿ 1965ರಲ್ಲಿ ತೆರೆಯಿತು. ಬಯಲು, ಬೆಟ್ಟಗಳಲ್ಲಿ ಎಲ್ಲರೂ ನಡೆಯುವ ಹಕ್ಕನ್ನು 2000ದ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾನ್ಯ ಮಾಡಿತು. ಆ ಬೆಟ್ಟ 1932ರಲ್ಲಿ ಡೆವನ್‌ಷೈರ್ ಡ್ಯೂಕ್ ಮನೆತನದ ಆಸ್ತಿಯಾಗಿತ್ತು; 2002ರಲ್ಲಿ ಘಟನೆಯ ಎಪ್ಪತ್ತನೆಯ ವರ್ಷಾಚರಣೆಗೆ ಬಂದ ಆಗಿನ ಡ್ಯೂಕ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು.

ಪಂತ ಮತ್ತು ಪಂದ್ಯ

ಹತ್ತೊಂಬತ್ತನೆಯ ಶತಮಾನದಲ್ಲಿ ‘ಪೆಡೆಸ್ಟ್ರಿಯನಿಸಂ’ ಎಂದರೆ ಜೂಜು ಕಟ್ಟಿ ನೋಡುವ ಆಟ. ಕ್ಯಾಪ್ಟನ್ ರಾಬರ್ಟ್ ಬಾರ್ಕ್ಲೇ ಆಲರ್ಡೈಸ್ 1809ರ ಜೂನ್-ಜುಲೈನಲ್ಲಿ ನ್ಯೂಮಾರ್ಕೆಟ್‌ನಲ್ಲಿ ಸತತ ಸಾವಿರ ಗಂಟೆ, ಗಂಟೆಗೊಂದು ಮೈಲಿಯಂತೆ ಸಾವಿರ ಮೈಲಿ ನಡೆದು ಸಾವಿರ ಗಿನಿ ಗೆದ್ದ. ಹಗಲು ರಾತ್ರಿ ಯಾವ ಗಂಟೆಯನ್ನೂ ತಪ್ಪಿಸುವಂತಿಲ್ಲದ್ದರಿಂದ, ನಿಜವಾದ ಕಷ್ಟ ನಿದ್ದೆಯದು. ಅಮೆರಿಕದ ಎಡ್ವರ್ಡ್ ಪೇಸನ್ ವೆಸ್ಟನ್ 1861ರಲ್ಲಿ ಲಿಂಕನ್ ಪದಗ್ರಹಣಕ್ಕೆಂದು ಬಾಸ್ಟನ್ನಿನಿಂದ ವಾಷಿಂಗ್ಟನ್ನಿಗೆ ನಡೆದು ಹೆಸರಾದ. ಮುಂದೆ ಸಭಾಂಗಣದೊಳಗೆ ಆರು ದಿನ ಸುತ್ತು ಹಾಕುವ ಪಂದ್ಯಗಳು ಸಾವಿರಾರು ಜನರನ್ನು ಸೆಳೆದವು.

ಒಲಿಂಪಿಕ್ಸ್‌ಗೆ ನಡಿಗೆ 1908ರಲ್ಲಿ ಸ್ವತಂತ್ರ ಸ್ಪರ್ಧೆಯಾಗಿ ಬಂತು; ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1992ರಲ್ಲಿ. ಕಣ್ಣಿಗೆ ಕಾಣುವಂತೆ ಎರಡೂ ಪಾದ ನೆಲ ಬಿಡಬಾರದು, ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ನೆಟ್ಟಗೆ ನಿಲ್ಲುವವರೆಗೆ ಮೊಣಕಾಲು ಮಡಿಯಬಾರದು ಎಂಬವು ಇದರ ಮುಖ್ಯ ನಿಯಮಗಳು. ಇಷ್ಟಕ್ಕೆ ಬದ್ಧರಾಗಿಯೇ ಅಗ್ರ ಸ್ಪರ್ಧಿಗಳು ಗಂಟೆಗೆ 15 ಕಿ.ಮೀ. ಮೀರಿ ಸಾಗುತ್ತಾರೆ. ‘ಜಾಗಿಂಗ್’ ಜನರ ಹವ್ಯಾಸವಾದದ್ದು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್‌ರಿಂದ. ಅದನ್ನು ಅಲ್ಲಿ ಕಂಡು ಬಂದ ಇನ್ನೊಬ್ಬ ತರಬೇತುದಾರ ಬಿಲ್ ಬಾವರ್‌ಮನ್ 1960ರ ದಶಕದಲ್ಲಿ ಪುಸ್ತಕ ಬರೆದು ಅಮೆರಿಕದಲ್ಲಿ ಹಬ್ಬಿಸಿದರು.

ಕಡಲಾಚೆಯಿಂದ, ಕಡಲೀಚೆಗೆ

ವಸಾಹತುಗಳಿಂದ ಬಂದವುಗಳಲ್ಲಿ ‘ಟ್ರೆಕ್’ ಎಲ್ಲಕ್ಕಿಂತ ದೂರ ಸಾಗಿದೆ. ಡಚ್ ಮೂಲದಲ್ಲಿ ಅದು ಎಳೆಯುವುದು, ಅಂದರೆ ಎತ್ತಿನ ಗಾಡಿಯ ಮಾತು. ದಕ್ಷಿಣ ಆಫ್ರಿಕದ ಬೂರ್ ಕುಟುಂಬಗಳು 1830ರ ದಶಕದಲ್ಲಿ ಬ್ರಿಟಿಷರ ಆಡಳಿತದಿಂದ ಹೊರಟು ಒಳನಾಡಿಗೆ ಗಾಡಿ ಕಟ್ಟಿದ ಮಹಾವಲಸೆಯಿಂದ ಇಂಗ್ಲಿಷಿಗೆ ಇಳಿಯಿತು. ಬ್ರಿಟಿಷ್ ಭಾರತೀಯ ಸೇನೆಯಲ್ಲಿದ್ದ ಜಿಮ್ಮಿ ರಾಬರ್ಟ್ಸ್ 1964ರಲ್ಲಿ ಕಠ್ಮಂಡುವಿನಲ್ಲಿ ಸಂಸ್ಥೆ ಕಟ್ಟಿ ಹಿಮಾಲಯದ ನಡಿಗೆಯನ್ನು ಪ್ರವಾಸೋದ್ಯಮವಾಗಿ ಮಾಡಿದ ಮೇಲೆ ಅದು ಬೆಟ್ಟದ ಪದವಾಯಿತು. ಅದೇ ಕೆಲಸಕ್ಕೆ ನ್ಯೂಜಿಲೆಂಡಿನವರು ‘ಟ್ರ್ಯಾಂಪಿಂಗ್’ ಎನ್ನುತ್ತಾರೆ, ಆಸ್ಟ್ರೇಲಿಯದವರು ‘ಬುಷ್‌ವಾಕಿಂಗ್’. ಆಸ್ಟ್ರೇಲಿಯದ ಮೂಲನಿವಾಸಿಗಳು ತಮ್ಮ ನೆಲದ ಮೇಲೆ ಕೈಗೊಳ್ಳುತ್ತಿದ್ದ ಪಯಣವನ್ನು ಬಿಳಿಯರು ‘ವಾಕಬೌಟ್’ ಎಂದು ಕರೆದು, ಕೆಲಸ ಬಿಟ್ಟು ಹೋಗುವ ಚಟವೆಂಬಂತೆ ಬಳಸಿದರು. ಅದೇ ಪದ 1970ರಲ್ಲಿ, ಎರಡನೆಯ ಎಲಿಜಬೆತ್ ರಾಣಿ ಆ ಭಾಗದ ಪ್ರವಾಸದಲ್ಲಿ ಜನರ ನಡುವೆ ನಡೆದಾಗ, ಅರಮನೆಯ ಶಬ್ದವಾಯಿತು. ಒಂದೇ ಪದ ಮೂಲನಿವಾಸಿಗೆ ಆರೋಪ, ರಾಣಿಗೆ ಸೌಜನ್ಯ.

ಸೈನ್ಯದ ‘ಮಾರ್ಚ್’ಗೆ ಆಯುಧವಿಲ್ಲದ ಅರ್ಥ ಗಟ್ಟಿಯಾದುದರಲ್ಲಿ ಭಾರತದ ಪಾಲು ದೊಡ್ಡದು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರ ನಡಿಗೆ ಏಪ್ರಿಲ್‌ನಲ್ಲಿ ದಂಡಿ ಮುಟ್ಟಿದಾಗ ಜಗತ್ತಿನ ಪತ್ರಿಕೆಗಳು ಅದನ್ನು ‘ಸಾಲ್ಟ್ ಮಾರ್ಚ್’ ಎಂದೇ ಬರೆದವು. ಮೊದಲ ತಂಡದಲ್ಲಿದ್ದ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಭಾರತದ ಇಂಗ್ಲಿಷ್ ಪತ್ರಿಕೆಗಳು ಈಗ ಅಂಥ ನಡಿಗೆಗೆ ‘ಪಾದಯಾತ್ರಾ’ ಎಂದು ನಮ್ಮದೇ ಪದ ಬಳಸುತ್ತವೆ. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಕಾಂಗ್ರೆಸ್ ಪಕ್ಷದವರು ಅಕ್ರಮ ಗಣಿಗಾರಿಕೆಯ ವಿರುದ್ಧ ನಡೆದಾಗ ಇಂಗ್ಲಿಷ್ ವರದಿಗಳ ತಲೆಬರಹದಲ್ಲೂ ಅದೇ ಇತ್ತು.

ಕನ್ನಡ ತೆಗೆದುಕೊಂಡ ಪದಗಳನ್ನು ನೋಡಿದರೆ ಆಯ್ಕೆಯ ಜಾಡು ಕಾಣುತ್ತದೆ. ವಾಕಿಂಗ್, ಜಾಗಿಂಗ್, ಟ್ರೆಕ್ಕಿಂಗ್, ಕ್ಯಾಟ್‌ವಾಕ್ ಬಂದವು. ಪ್ಲಾಡ್, ಟ್ರಡ್ಜ್, ಲಿಂಪ್ ಬರಲಿಲ್ಲ. ದುಡಿಮೆಯ, ದಣಿವಿನ, ನೋವಿನ ನಡಿಗೆಗೆ ಇಲ್ಲಿ ಮಾತುಗಳು ಮೊದಲೇ ಇದ್ದವು. ಬೆಳಿಗ್ಗೆ ಕೆರೆ ಏರಿಯ ಮೇಲೆ ಆರೋಗ್ಯಕ್ಕೆಂದು ಸುತ್ತುವುದು ‘ವಾಕಿಂಗ್’. ಬಸ್ಸು ತಪ್ಪಿದ ದಿನ ಊರಿಗೆ ಹೋಗುವುದು ನಡೆದುಕೊಂಡೇ. ಟ್ರೆಕ್ಕಿಂಗ್‌ಗೆ ಕನ್ನಡ ಪತ್ರಿಕೆಗಳು ರೂಢಿಗೆ ತಂದ ‘ಚಾರಣ’, ಕುಮಾರಪರ್ವತ, ಕುದುರೆಮುಖಗಳ ದಾರಿಯಲ್ಲಿ ಇಂದು ಎಲ್ಲರಿಗೂ ಗೊತ್ತು. ಸಂಸ್ಕೃತದಲ್ಲಿ ‘ಚಾರಣ’ ಎಂದರೆ ಊರಿಂದೂರಿಗೆ ಅಲೆಯುವ ಹಾಡುಗಾರ, ನಟ. 1572ರ ಇಂಗ್ಲೆಂಡಿನಲ್ಲಿ ಆಶ್ರಯದಾತನಿಲ್ಲದೆ ರಸ್ತೆಯಲ್ಲಿ ಸಿಕ್ಕಿಬಿದ್ದಿದ್ದರೆ ಅವನೂ ಅಪರಾಧಿಯೇ ಆಗುತ್ತಿದ್ದ.